ತಟ್ಟೆ ಸುತ್ತಿನ ಸಹಿ

ವೈಶಾಖದ ಬಿಸಿಲಿಗೆ ತಾರಸಿ ಹತ್ತು ಗಂಟೆಗೇ ಕಾದ ಹೆಂಚಾಗಿತ್ತು. ಮೂರು ದಿನದಿಂದ ಮಧ್ಯಾಹ್ನ ತಿರುಗುತ್ತಲೇ ಮೋಡ ಕಟ್ಟಿ, ದೊಡ್ಡ ಬಾಯಿ ಮಾಡಿ ಗುಡುಗಿ, ಕನಕಪುರ ರಸ್ತೆಯ ಆಚೆಗೆಲ್ಲೋ ಸುರಿದು, ಜರಗನಹಳ್ಳಿಗೆ ಬರೀ ಧೂಳು ಗಾಳಿ ಕಳಿಸಿ ಹೋಗುತ್ತಿತ್ತು. ಇನ್ನೂ ಕಾದರೆ ಈ ವರ್ಷ ಸಂಡಿಗೆಯೇ ಇಲ್ಲವೆಂದು ಗಿರಿಜಾದೇವಿ ಬೆಳಗಿನ ಐದಕ್ಕೇ ಎದ್ದು ಸಬ್ಬಕ್ಕಿ ಕುದಿಸಿದ್ದರು. ಈಗ ಅವರೂ ಪಕ್ಕದ ಮನೆಯ ಸೊಣ್ಣಮ್ಮನೂ ಒದ್ದೆ ಪಂಚೆಗಳನ್ನು ಹಾಸಿ, ಸೌಟಿನಲ್ಲಿ ಒಂದೊಂದೇ ಸಂಡಿಗೆ ಬಿಡುತ್ತ, ನಾಟಿ ಹಾಕುವವರ ಹಾಗೆ ಹಿಂದೆ ಹಿಂದೆ ಸರಿಯುತ್ತಿದ್ದರು. ಇವತ್ತು ಇಲ್ಲಿ ಸೊಣ್ಣಮ್ಮ, ನಾಡಿದ್ದು ಸೊಣ್ಣಮ್ಮನ ತಾರಸಿಯಲ್ಲಿ ಇವರು. ಆಳಿಗೆ ಆಳು, ಮುಯ್ಯಿ. ಹೊಲ ಹೋಗಿ ಸೈಟಾದರೂ ಸೊಣ್ಣಮ್ಮ ಆ ಲೆಕ್ಕ ಮಾತ್ರ ಬಿಟ್ಟಿರಲಿಲ್ಲ.

ಮರುಳಸಿದ್ದಪ್ಪನವರದು ಕಾಗೆ ಕಾಯುವ ಕೆಲಸ. ನೀರಿನ ಟ್ಯಾಂಕಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಕರಿ ಛತ್ರಿ, ಇನ್ನೊಂದರಲ್ಲಿ ಬಿದಿರು ಕೋಲು, ತೊಡೆಯ ಮೇಲೆ ಫೋನು ಇಟ್ಟುಕೊಂಡು ಕೂತಿದ್ದರು. ಫೋನು ಮೂರು ನಿಮಿಷಕ್ಕೊಮ್ಮೆ ಗುರುಗುಟ್ಟುತ್ತಿತ್ತು. ಅವರು ಅದನ್ನು ನೋಡುವುದಕ್ಕೂ ಕಾಗೆ ಇಳಿಯುವುದಕ್ಕೂ ಸರಿಹೋಗುತ್ತಿತ್ತು.

"ಏನ್ರೀ, ನಿಮ್ಮ ಕಣ್ಣೆದುರಿಗೇ ಎತ್ಕೊಂಡು ಹೋಗ್ತಾ ಇದೆ!" ಎಂದರು ಗಿರಿಜಾದೇವಿ.

"ಒಂದು ತಾನೇ. ಹೋಗ್ಲಿ ಬಿಡು."

"ಒಂದಲ್ಲ, ಐದು."

"ಯಜಮಾನ್ರು ಕಾಗೇಗೂ ಬ್ಯಾಡ ಅನ್ನಾಕಿಲ್ಲ ಬುಡಿ," ಎಂದಳು ಸೊಣ್ಣಮ್ಮ, ತಲೆಯೆತ್ತದೆ.

ಆ ಮಾತು ಸುಳ್ಳಲ್ಲ. ಹೊಳಲ್ಕೆರೆ ಕಡೆಯಿಂದ ಬಂದು, ಬನಶಂಕರಿ ಮಾರ್ಕೆಟ್ಟಿನ ಹತ್ತಿರ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟು, ಸೊಣ್ಣಮ್ಮನ ಗಂಡನಿಂದ ಕೊಂಡ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿದ ಮರುಳಸಿದ್ದಪ್ಪ ಯಾರಿಗೂ ಬೇಡ ಎಂದವರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ಮೊರದ ಗುರುತಿನ ಪಕ್ಷದ ಬೆಂಗಳೂರು ದಕ್ಷಿಣದ ಅಧ್ಯಕ್ಷರಾಗಿ ಎಂದಾಗಲೂ ಬೇಡ ಎನ್ನಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಬೆಂಗಳೂರಿನಲ್ಲಿ ಆ ಪಕ್ಷದಿಂದ ಒಬ್ಬ ಕಾರ್ಪೊರೇಟರೂ ಗೆದ್ದಿರಲಿಲ್ಲ. ಪಕ್ಷದಿಂದ ಮನೆಗೆ ಬಂದ ಫಲವೆಂದರೆ, ಪ್ರತಿ ಚುನಾವಣೆಗೂ ನೀತಿಸಂಹಿತೆಯೆಂದು ಗಿರಿಜಾದೇವಿ ಅಕ್ಕಿ ಕೇರುವ ಮೊರವನ್ನು ಮಂಚದ ಕೆಳಗೆ ಬಚ್ಚಿಡಬೇಕಾಗಿ ಬಂದದ್ದು.

ಆದರೆ ಈ ಸಲ ದೇವರು ಕಣ್ಣು ಬಿಟ್ಟಿದ್ದ. ಉತ್ತರದ ಜಿಲ್ಲೆಗಳಲ್ಲಿ ಮೊರ ಏಳು ಸೀಟು ಗೆದ್ದಿತ್ತು. ಯಾರಿಗೂ ಬಹುಮತವಿಲ್ಲ. ದೊಡ್ಡ ಪಕ್ಷವೊಂದಕ್ಕೆ ಸರಿಯಾಗಿ ಏಳೇ ಸೀಟು ಬೇಕಿತ್ತು. ಪಕ್ಷದ ರಾಜ್ಯಾಧ್ಯಕ್ಷ, ಜಯನಗರ ನಾಲ್ಕನೇ ಬ್ಲಾಕಿನ ವಕೀಲ ಅನಂತರಾಮು ನಾಲ್ಕು ದಿನದಿಂದ ದೊಡ್ಡ ಹೋಟೆಲಿನಲ್ಲಿ ಕೂತು ಮಾತುಕತೆ ನಡೆಸುತ್ತಿದ್ದರು. ಎರಡು ಮಂತ್ರಿಗಿರಿಗೆ ಒಪ್ಪಿದ್ದಾರಂತೆ ಎಂದು ಬೆಳಿಗ್ಗೆ ಸುದ್ದಿ. ಅದರ ಬಾಲದಲ್ಲೇ ಇನ್ನೊಂದು: ನಗರಾಭಿವೃದ್ಧಿ ಖಾತೆ ಆ ದೊಡ್ಡ ಪಕ್ಷದಲ್ಲಿರುವ, ಕುಂಟೆ ನುಂಗಿದವನಿಗಂತೆ.

ಕುಂಟೆ ಎಂದರೆ ಚಿಕ್ಕಕುಂಟೆ. ತಾರಸಿಯಿಂದ ಪೂರ್ವಕ್ಕೆ ನೋಡಿದರೆ ಅದರ ಜಾಗ ಕಾಣುತ್ತಿತ್ತು. ಈಗ ಅಲ್ಲಿ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಕೆರೆ ಉಳಿದದ್ದು ಅದರ ಹೆಸರಿನಲ್ಲಿ ಮಾತ್ರ. ಹದಿನಾಲ್ಕು ವರ್ಷದ ಹಿಂದೆ ಮಣ್ಣಿನ ಲಾರಿಗಳ ಮುಂದೆ ಮಲಗಿದ ಹತ್ತೊಂಬತ್ತು ಜನರನ್ನು ಪೊಲೀಸರು ಹಿಡಿದೊಯ್ದಾಗ, ಅನಂತರಾಮು ತಮ್ಮ ಮನೆಯ ಪತ್ರವನ್ನೇ ಕೋರ್ಟಿನಲ್ಲಿಟ್ಟು ಎಲ್ಲರಿಗೂ ಜಾಮೀನು ಕೊಡಿಸಿದ್ದರು. ಒಂಬತ್ತು ವರ್ಷ ಕೇಸು ನಡೆಸಿ ಬಿಡಿಸಿಯೂ ಬಿಟ್ಟರು. ಚಹದ ದುಡ್ಡನ್ನೂ ಮುಟ್ಟಲಿಲ್ಲ. ಆ ಹತ್ತೊಂಬತ್ತರಲ್ಲಿ ಮರುಳಸಿದ್ದಪ್ಪ ಒಬ್ಬರು, ಸೊಣ್ಣಮ್ಮ ಒಬ್ಬಳು. ಅನಂತರಾಮುವಿನ ಹೆಸರೆತ್ತಿದರೆ ಮರುಳಸಿದ್ದಪ್ಪನವರ ಬೆನ್ನು ಈಗಲೂ ತಾನಾಗಿ ಬಾಗುತ್ತಿತ್ತು.

ಹನ್ನೊಂದೂವರೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮೊದಲು ಬಂದವನು ವಿಜಯಕುಮಾರ್, ಪಕ್ಷದ ಯುವ ಘಟಕದ ಅಧ್ಯಕ್ಷ. ವಯಸ್ಸು ನಲವತ್ತೇಳು, ಮಗಳು ಪಿಯುಸಿ ಮುಗಿಸಿದ್ದಳು. ಹಿಂದೆಯೇ ಬಿಟಿಎಂ ಲೇಔಟಿನಲ್ಲಿ ಸೀರೆ ಅಂಗಡಿಯಿಟ್ಟಿರುವ ಮಹಿಳಾ ಘಟಕದ ಶ್ರೀದೇವಿ. ಅವಳ ಹಿಂದೆ, ಸಿದ್ದಾಪುರದಲ್ಲಿ ಜೆರಾಕ್ಸ್ ಅಂಗಡಿಯಿಟ್ಟಿರುವ, ಪಕ್ಷದ ಕಾರ್ಯದರ್ಶಿ ವಿಷ್ಣು. ಮತ್ತೆ ನಾಲ್ಕು ಜನ ವಾರ್ಡಿನವರು.

"ಅಣ್ಣ, ಕೆಳಗೆ ಬೇಡ, ನಿಮ್ಮ ಬಾಡಿಗೆಯವರು ಕಿವಿ ಕೊಡ್ತಾರೆ. ಇಲ್ಲೇ ಸೇಫು," ಎಂದ ವಿಜಯಕುಮಾರ್.

"ಸಂಡಿಗೆ ತುಳೀಬೇಡ್ರಪ್ಪಾ!" ಎಂದರು ಗಿರಿಜಾದೇವಿ.

ಏಳು ಜನ ಗೋಡೆಗುಂಟ ಒಂದರ ಹಿಂದೊಂದು ಕಾಲಿಟ್ಟು ಟ್ಯಾಂಕಿನ ನೆರಳಿಗೆ ಬಂದರು. ವಿಷ್ಣು ಚೀಲದಿಂದ ಟೈಪಾದ ಕಾಗದ ತೆಗೆದ. ರಾಜ್ಯಾಧ್ಯಕ್ಷರಿಗೆ ದಕ್ಷಿಣದ ಪದಾಧಿಕಾರಿಗಳ ವಿರೋಧ ಪತ್ರ. ಹಿಂದಿನ ದಿನ ಮರುಳಸಿದ್ದಪ್ಪನವರೇ ಫೋನಿನಲ್ಲಿ ಒಂದು ಸಾಲು ಹೇಳಿದ್ದರು: ಚಿಕ್ಕಕುಂಟೆ ನುಂಗಿದವರ ಜೊತೆ ಸರ್ಕಾರ ಬೇಡ. ಅಷ್ಟೇ ಹೇಳಿದ್ದು. ಈಗ ಕನ್ನಡಕ ಹಾಕಿಕೊಂಡು ಹುಡುಕಿದರೆ ಆ ಸಾಲು ಏಳನೆಯದಾಗಿತ್ತು. ಅದಕ್ಕೆ ಮೊದಲು ನಿಗಮ, ಮಂಡಳಿ, ಪ್ರಾಧಿಕಾರಗಳ ಹುದ್ದೆಗಳು ಸಾಲಾಗಿ ನಿಂತಿದ್ದವು.

"ಕುಂಟೆ ಕೆಳಕ್ಕೆ ಹೋಗಿದೆಯಲ್ಲಪ್ಪ?"

"ಕ್ಲೈಮ್ಯಾಕ್ಸಿಗೆ ಇಟ್ಟಿದೀವಿ ಅಣ್ಣ. ಸಖತ್ ಎಫೆಕ್ಟು."

ಸರಿ, ಸಹಿ. ಕಾಗದ ಒಂದು ಸುತ್ತು ಬಂತು, ಹೋದ ಹಾಗೇ ಬಂತು. ಮೊದಲು ಅಣ್ಣ ಹಾಕಲಿ ಎಂದರು. ಮಹಿಳೆಯರಿಗೆ ಆದ್ಯತೆ ಎಂದರು.

"ಎಲೆಕ್ಷನ್ ಟಿಕೆಟ್ಟಲ್ಲಿ ಕೊಡಿ ಆದ್ಯತೆ. ಇದ್ರಲ್ಲಿ ಯಾಕೆ ನಂಗೆ?" ಎಂದಳು ಶ್ರೀದೇವಿ. "ಹೋದ ಸಲ ಏನಾಯ್ತು, ಮರೆತ್ರಾ? ಮೊದಲ ಸಹಿ ಹಾಕಿದ ಮಯೂರ್ ಇನ್ನೂ ಪಕ್ಷದ ಹೊರಗಿದಾನೆ. ಎರಡನೇ ಸಹಿಯವನು ಈಗ ಉಪಾಧ್ಯಕ್ಷ!"

"ಹಂಗಾದ್ರೆ ನಂದು ಎರಡನೇದು," ಎಂದ ವಿಷ್ಣು ಥಟ್ಟನೆ.

ಹೀಗೇ ಅರ್ಧ ಗಂಟೆ. ಮೊದಲನೆಯವನಿಲ್ಲದೆ ಎರಡನೆಯವರು ಏಳು ಜನ ತಯಾರಾದರು. ಅತ್ತ ಸೊಣ್ಣಮ್ಮನಿಗೆ ನಗು ತಡೆಯಲಾಗಲಿಲ್ಲ.

"ಏನ್ ಸಾಮಿ ನೀವು, ಓದಿರೋರು. ನಮ್ಮಪ್ಪನ ಕಾಲ್ದಾಗೆ ಕುಂಟೆ ನೀರಿಗೆ ಅರ್ಜಿ ಕೊಟ್ಟಾಗ, ಮುಂದಾಳು ಯಾರೂಂತ ಕಂದಾಯದ ಶೇಕ್ದಾರ ಹಿಡ್ಕಂಡು ಬಡೀತಾನೆ ಅಂತ, ಮುದ್ದೆ ತಟ್ಟೆ ಬೋರಲು ಹಾಕಿ, ಸುತ್ತಾ ಗೀಟು ಎಳೆದು, ಗೀಟಿನ ಸುತ್ತಾ ಹೆಬ್ಬೆಟ್ಟು ಒತ್ತಿದ್ರು. ಎಲ್ಲಿಂದ ಸುರು, ಎಲ್ಲಿಗೆ ಕೊನೆ? ಶೇಕ್ದಾರ ಕಾಗ್ದ ತಿರುಗ್ಸಿ ತಿರುಗ್ಸಿ ತಲೆ ತಿರುಗಿ ಕುಂತ."

ಏಳು ಜನರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಗಿರಿಜಾದೇವಿಯವರ ಕಡೆ ನೋಡಿದರು. ಅವರು ಹಿಟ್ಟಿನ ಪಾತ್ರೆಗೆ ಮುಚ್ಚಿದ್ದ ತಟ್ಟೆಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. ವಿಷ್ಣು ಗೀಟು ಎಳೆದ. ಏಳು ಸಹಿಗಳು ಸುತ್ತ ಬಿದ್ದವು. ಕೆಲವು ನೆಟ್ಟಗೆ, ಕೆಲವು ಬೋರಲು, ಶ್ರೀದೇವಿಯದು ಗೋಡೆ ಹತ್ತುವ ಹಲ್ಲಿಯ ಹಾಗೆ. ಎಂಟನೆಯವರಿಗೆಂದು ಎರಡು ಬೆರಳಗಲ ಜಾಗ ಉಳಿಯಿತು.

ಮರುಳಸಿದ್ದಪ್ಪ ಪೆನ್ನು ಹಿಡಿದರು. ಖಾಲಿ ಜಾಗ ಅವರನ್ನೇ ನೋಡುತ್ತಿತ್ತು. ಕುಂಟೆಯ ಮೇಲಿನ ಸಿಟ್ಟು ಹದಿನಾಲ್ಕು ವರ್ಷದ್ದು, ನಿಜವಾದದ್ದು. ಆದರೆ ಪತ್ರದ ಮೇಲ್ತುದಿಯಲ್ಲಿ ಅನಂತರಾಮುವಿನ ಹೆಸರಿತ್ತು. ಬೆನ್ನು ಬಾಗಿತು. ಅಷ್ಟರಲ್ಲಿ ಫೋನು ಗುರುಗುಟ್ಟಿತು; ಪರದೆಯ ಮೇಲೂ ಅದೇ ಹೆಸರು.

"ಮರುಳಸಿದ್ದಪ್ಪಾ, ನಿಮ್ಮ ಗೇಟಿನ ಹತ್ರಾನೇ ಇದೀನಿ. ನಾಯಿ ಕಟ್ಟಿಹಾಕಿದೀರಾ?"

"ನಾಯಿ ಸತ್ತು ಮೂರು ವರ್ಷ ಆಯ್ತು ಸಾರ್."

"ಅಯ್ಯೋ ಪಾಪ. ಬರ್ತೀನಿ ತಾಳಿ."

ಸಹಿ ಹಾಕುವಾಗ ಇಲ್ಲದ ಚುರುಕು ಈಗ ಎಲ್ಲರಿಗೂ ಬಂತು. ಏಳು ಜನರೂ ಕಣ್ಣು ಮಿಟುಕಿಸುವುದರಲ್ಲಿ ಟ್ಯಾಂಕಿನ ಹಿಂದೆ ಮಾಯವಾದರು. ಪತ್ರವನ್ನು ಮರುಳಸಿದ್ದಪ್ಪ ಕುರ್ಚಿಯ ಮೇಲಿಟ್ಟು ಅದರ ಮೇಲೆ ತಾವೇ ಕೂತರು. ಆಮೇಲೆ ಹಿರಿಯರು ಬರುವಾಗ ಕೂತಿರಬಾರದೆಂದು ಎದ್ದು, ಪತ್ರವನ್ನು ಛತ್ರಿಯೊಳಗೆ ತುರುಕಿ ಮಡಚಿದರು.

ಅನಂತರಾಮು ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದರು. ಎಪ್ಪತ್ತನಾಲ್ಕು ವರ್ಷ. ಗಿರಿಜಾದೇವಿ ಮಜ್ಜಿಗೆ ಕೊಟ್ಟರು. ಅನಂತರಾಮುವಿನ ಕಣ್ಣು ಮಾತ್ರ ಪಾತ್ರೆಯ ತಳದಲ್ಲಿ ಉಳಿದಿದ್ದ ಹಸಿ ಹಿಟ್ಟಿನ ಮೇಲೆ ಬಿತ್ತು.

"ಸ್ವಲ್ಪ ಕೊಡ್ತೀರಾಮ್ಮ? ನಾಲ್ಕು ದಿನದಿಂದ ಪನೀರು. ಬೆಳಿಗ್ಗೆ ಪನೀರು, ರಾತ್ರಿ ಪನೀರು. ಮನುಷ್ಯರು ತಿನ್ನೋ ಪದಾರ್ಥ ಕಣ್ಣಿಗೆ ಬಿದ್ದಿಲ್ಲ."

"ತಿನ್ನಿ ಸಾಮಿ. ತಿಂದೋರು ನಾಡಿದ್ದು ನಮ್ಮನೆ ಸಂಡಿಗೇಗೆ ಬರ್ಬೇಕು, ಮುಯ್ಯಿ," ಎಂದಳು ಸೊಣ್ಣಮ್ಮ.

"ಆಗಲಮ್ಮ, ಬರ್ತೀನಿ," ಎಂದು ಅವರು ಬೆರಳು ನೆಕ್ಕುತ್ತ ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿದರು. "ಮರುಳಸಿದ್ದಪ್ಪಾ, ನನ್ನ ಮಾನ ನಿಮ್ಮ ಕೈಯಲ್ಲಿದೆ. ಆ ಪಕ್ಷದಲ್ಲಿ ಮೂರು ಬಣ. ಮಾತಿಗೆ ಮುಂಚೆ 'ನಮ್ಮ ಭಿನ್ನಮತೀಯರು ಒಪ್ಪಲ್ಲ' ಅಂತಾರೆ. ಒಂದೊಂದು ಬಣಕ್ಕೂ ಖಾತೆ ಎತ್ತಿಟ್ಟುಬಿಡ್ತಾರೆ. 'ನಿಮ್ಮಲ್ಲಿ ಯಾರದೂ ವಿರೋಧ ಇಲ್ವಾ?' ಅಂತ ಕೇಳಿದ್ರು. ಇಲ್ಲ ಅಂದೆ. 'ಹಂಗಾದ್ರೆ ಎರಡು ಧಾರಾಳ ಆಯ್ತು' ಅಂದ್ರು! ಒಬ್ಬ ವಿರೋಧಿಯೂ ಇಲ್ಲದ ಪಕ್ಷ ಅಂತ ನನಗೆ ತಲೆ ಎತ್ತೋ ಹಾಗಿಲ್ಲ."

"ಅದಕ್ಕೆ ನಾನೇನ್ ಮಾಡ್ಲಿ ಸಾರ್?"

"ಒಂದು ಭಿನ್ನಮತ ಮಾಡಿಕೊಡಿ."

ಟ್ಯಾಂಕಿನ ಹಿಂದೆ ಯಾರಿಗೋ ಕೆಮ್ಮು ಬಂದು ನಿಂತಿತು.

"ಸಣ್ಣದು ಸಾಕು. ಐದಾರು ಜನರದು, ಒಂದು ಪತ್ರ, ನನ್ನನ್ನ ನಾಲ್ಕು ಬೈದಿರಬೇಕು. ತೋರಿಸಿ ಮೂರನೇ ಖಾತೆ ತಗೋತೀನಿ. ಮಾರನೇ ದಿನ ನೀವು ವಾಪಸ್ ತಗೊಂಡುಬಿಡಿ. ಇಷ್ಟು ವರ್ಷದಲ್ಲಿ ನಿಮ್ಮನ್ನ ಏನಾದರೂ ಕೇಳಿದೀನಾ?"

ಕೇಳಿರಲಿಲ್ಲ. ಅದೇ ತೊಂದರೆಯಾಗಿತ್ತು. ಮರುಳಸಿದ್ದಪ್ಪ ಬಾಯಿ ತೆರೆಯುವ ಮೊದಲೇ ಎದುರಿನ ಅಪಾರ್ಟ್‌ಮೆಂಟಿನ ಹಿಂದಿನಿಂದ ಗಾಳಿ ಎದ್ದು, ಪಂಚೆಯೊಂದರ ಅಂಚು ಮಗುಚಿತು. ತಲೆಯೆತ್ತಿ ನೋಡಿದರೆ ಬನ್ನೇರುಘಟ್ಟದ ಕಡೆಯ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಬಟ್ಟಲಗಲದ ಹನಿಯೊಂದು ಅನಂತರಾಮುವಿನ ಬೋಳು ತಲೆಯ ಮೇಲೆ ಬಿತ್ತು.

ಗಿರಿಜಾದೇವಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಟ್ಯಾಂಕ್ ಹಿಂದೆ ಕೂತಿರೋರೆಲ್ಲ ಎದ್ ಬನ್ರೀ! ಭಿನ್ನಮತ ಆಮೇಲೆ ಮಾಡ್ಕೊಳ್ಳಿ, ಮೊದ್ಲು ಪಂಚೆ ಹಿಡೀರಿ! ನಾಲ್ಕು ಮೂಲೆ, ನಾಲ್ಕು ಜನ! ಜಗ್ಗಬೇಡಿ, ಅಂಟ್ಕೊಳ್ಳುತ್ತೆ!"

ಏಳು ಜನ ತಲೆ ತಗ್ಗಿಸಿಕೊಂಡು ಹೊರಬಂದರು. ನಾಚಿಕೆಗೆ ಪುರುಸೊತ್ತಿರಲಿಲ್ಲ. ವಿಜಯಕುಮಾರ್ ಹಿಡಿದ ಪಂಚೆಯ ಇನ್ನೊಂದು ಮೂಲೆ ರಾಜ್ಯಾಧ್ಯಕ್ಷರ ಕೈಯಲ್ಲಿತ್ತು. "ಎಡಕ್ಕೆ, ಎಡಕ್ಕೆ ಬನ್ನಿ ಸಾರ್," ಎನ್ನುತ್ತ ಅವನು, "ನೀನು ಮೊದಲು ತಗ್ಗಿಸಯ್ಯಾ," ಎನ್ನುತ್ತ ಅವರು, ತಾರಸಿಯ ಪಕ್ಕದಲ್ಲೇ ಇದ್ದ ಖಾಲಿ ಬಾಡಿಗೆ ಕೋಣೆಗೆ ಹೆಣ ಹೊತ್ತ ಹಾಗೆ ಹೆಜ್ಜೆ ಹಾಕಿದರು. ನಾಲ್ಕೂ ಪಂಚೆಗಳು ಒಳಗೆ ಬಂದು ನೆಲ ತುಂಬಿದ ಮೇಲೆ, ಕಾಲಿಡಲು ಜಾಗವಿಲ್ಲದೆ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಸುತ್ತಲೂ ನಿಂತರು. ಹೊರಗೆ ಮಳೆ ಈ ಸಲ ಜರಗನಹಳ್ಳಿಗೇ ಎಂದು ಬಂದಿತ್ತು.

ಕೊನೆಗೆ ಬಂದ ಮರುಳಸಿದ್ದಪ್ಪ ಅಭ್ಯಾಸಬಲದಿಂದ ಛತ್ರಿ ಬಿಚ್ಚಿದರು. ಪತ್ರ ಅನಂತರಾಮುವಿನ ಕಾಲ ಬಳಿ ಬಿತ್ತು.

ಅವರು ಅದನ್ನೆತ್ತಿ ಓದಿದರು. ಸಹಿಗಳ ಹತ್ತಿರ ಬಂದಾಗ ಬಸ್ಸಿನ ಸ್ಟೇರಿಂಗಿನ ಹಾಗೆ ತಿರುಗಿಸತೊಡಗಿದರು.

"ಮೊದಲು ಹಾಕಿದವರು ಯಾರು?"

"ಮೊದಲಿಲ್ಲ ಸಾರ್. ಕೊನೇನೂ ಇಲ್ಲ," ಎಂದಳು ಶ್ರೀದೇವಿ.

ಅನಂತರಾಮುವಿನ ಮುಖ ಅರಳಿತು. "ಎಷ್ಟು ಚೆನ್ನಾಗಿ ಸಿಟ್ಟು ಮಾಡಿಕೊಂಡಿದೀರ್ರಯ್ಯಾ! ನಾನು ಕೇಳೋಕೆ ಮುಂಚೇನೇ! 'ಕಾರ್ಯಕರ್ತರ ಬೆನ್ನಿಗೆ ಚೂರಿ.' ಭೇಷ್! ವಿಷ್ಣು, ಇನ್ನೊಂದು ಹಾಳೆ ಇದೆಯೇನಪ್ಪ? ಮೂರನೇ ಖಾತೆ ಸಿಕ್ಕಿದ ಕೂಡಲೇ ವಿರೋಧ ವಾಪಸ್ ತಗೊಂಡಿದೀವಿ ಅಂತ ಅದನ್ನೂ ಈಗಲೇ ಬರೆದುಕೊಟ್ಟುಬಿಡಿ. ನಿಗಮ ಮಂಡಳಿ ಎಲ್ಲ ಗಮನದಲ್ಲಿಟ್ಟುಕೋತೀನಿ."

ವಿಷ್ಣು ಕ್ಷಣದಲ್ಲಿ ಬರೆದ. ಈ ಸಲ ತಟ್ಟೆ ಬೇಕಾಗಲಿಲ್ಲ. ಒಂದು, ಎರಡು ಎಂದು ಅಂಕೆ ಹಾಕಿದ ಕೂಡಲೇ ವಿಜಯಕುಮಾರ್ ಮೊದಲನೆಯದಕ್ಕೆ ಕೈ ಹಾಕಿದ.

"ಮಹಿಳೆಯರಿಗೆ ಆದ್ಯತೆ!" ಎಂದು ಶ್ರೀದೇವಿ ಅವನ ಮೊಣಕೈ ತಳ್ಳಿದಳು.

"ಸಂಡಿಗೆ!" ಎಂದು ಗಿರಿಜಾದೇವಿ ಕಿರುಚಿದರು. ಮೂರು ಹೋದವು.

ಏಳು ಸಹಿ ಸಾಲಾಗಿ ಬಿದ್ದ ಮೇಲೆ ಎರಡೂ ಕಾಗದ ಮರುಳಸಿದ್ದಪ್ಪನವರ ಕೈಗೆ ಬಂದವು. ಅವರು ಮೊದಲ ಪತ್ರದ ಖಾಲಿ ಜಾಗದಲ್ಲಿ, ಅಂಗಡಿ ರಸೀತಿಗೆ ಹಾಕುವ ಹಾಗೆ, ಊರ ಹೆಸರು ಸಮೇತ ಪೂರ್ತಿ ಸಹಿ ಹಾಕಿದರು. ಎರಡನೆಯದನ್ನು ಹಾಗೇ ವಾಪಸು ಚಾಚಿದರು.

"ಇದಕ್ಕೆ?" ಎಂದರು ಅನಂತರಾಮು.

"ಇದು ಬೇಡ ಸಾರ್."

ಆ ಪದ ತಮ್ಮ ಬಾಯಿಂದಲೇ ಬಂತೇ ಎಂದು ಅವರಿಗೇ ಅನುಮಾನವಾಯಿತು. ಗಿರಿಜಾದೇವಿ ಪಂಚೆ ಸರಿಪಡಿಸುತ್ತಿದ್ದ ಕೈ ನಿಲ್ಲಿಸಿ ಗಂಡನ ಮುಖ ನೋಡಿದರು.

"ವಾಪಸ್ ತಗೊಳ್ಳದೆ ಇರೋ ಭಿನ್ನಮತ ಇಟ್ಕೊಂಡು ನಾನೇನಯ್ಯಾ ಮಾಡ್ಲಿ?"

"ಅದು ನಂಗೊತ್ತಿಲ್ಲ ಸಾರ್. ನಿಮ್ಮ ಜಾಮೀನಿನ ಋಣ ನನ್ನ ತಲೆ ಮೇಲಿದೆ. ಇನ್ನೇನಾದ್ರೂ ಕೇಳಿ, ಇಲ್ಲ ಅನ್ನಲ್ಲ. ಇದ್ರಲ್ಲಿ ತೀರಿಸೋಕೆ ಆಗಲ್ಲ. ಆ ಕುಂಟೆಗೆ ನಾನೂ ಸೊಣ್ಣಮ್ಮನೂ ಜೈಲಿಗೆ... ನೀವೇ ತಾನೇ ಅಲ್ಲಿ ಭಾಷಣ ಮಾಡಿದ್ದು?"

"ಅಣ್ಣ, ಪ್ರಾಕ್ಟಿಕಲ್ ಆಗಿರಿ," ಎಂದ ವಿಜಯಕುಮಾರ್. "ಕುಂಟೆ ಹೋಗಿ ಹದಿನಾಲ್ಕು ವರ್ಷ ಆಯ್ತು. ಬರುತ್ತಾ ವಾಪಸ್ಸು?"

"ಇಲ್ಲಪ್ಪ. ಅದಕ್ಕೇ ನಂದೂ ವಾಪಸ್ ಬರಲ್ಲ."

ಸೊಣ್ಣಮ್ಮ ಗೋಡೆಗುಂಟ ಸರಿದು ಬಂದು, ಮರುಳಸಿದ್ದಪ್ಪನವರ ಕೈಯಿಂದ ಮೊದಲ ಪತ್ರ ಕಿತ್ತುಕೊಂಡು, ಅವರ ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಬೆರಳಲ್ಲಿ ಇನ್ನೂ ಸಬ್ಬಕ್ಕಿ ಹಿಟ್ಟಿತ್ತು.

"ಇವರು ಪಕ್ಷದ ಸದಸ್ಯರಲ್ಲವಲ್ಲ!" ಎಂದ ವಿಷ್ಣು.

"ಕುಂಟೆ ತೋಡ್ದಾಗ ನಿನ್ ಪಕ್ಸ ಇತ್ತೇನ್ಲಾ?" ಎಂದಳು ಸೊಣ್ಣಮ್ಮ.

ಅನಂತರಾಮು ಅವಳ ಕೈಯಿಂದ ಪತ್ರ ತೆಗೆದುಕೊಂಡರು. ಹಿಟ್ಟು ಆರಲೆಂದು ಕಾಗದವನ್ನು ಸ್ವಲ್ಪ ಹೊತ್ತು ಗಾಳಿಗೆ ಹಿಡಿದಿದ್ದು, ಮಡಚಿ ಜೇಬಿಗಿಟ್ಟುಕೊಂಡು, ಮಳೆ ನಿಲ್ಲುವ ಮೊದಲೇ ಇಳಿದುಹೋದರು. ಮರುಳಸಿದ್ದಪ್ಪ ಛತ್ರಿ ಕೊಡಲು ಮೆಟ್ಟಿಲವರೆಗೆ ಓಡಿದರು. ಅವರು ತಿರುಗಿ ನೋಡಲಿಲ್ಲ.

ನಾಡಿದ್ದಿಗೆ ಬಿಸಿಲು ಮತ್ತೆ ಬಂತು. ಅದೇ ದಿನ ಹನ್ನೊಂದಕ್ಕೆ ಪ್ರಮಾಣವಚನ. ಮೊರದ ಪಕ್ಷಕ್ಕೆ ಮೂರು ಮಂತ್ರಿಗಿರಿ. ನಗರಾಭಿವೃದ್ಧಿ ಕುಂಟೆ ನುಂಗಿದವನಿಗೇ. ಸಂಡಿಗೆಗೆ ಬರುತ್ತೇವೆಂದು ಸೊಣ್ಣಮ್ಮನಿಗೆ ಮಾತು ಕೊಟ್ಟು ಹೋಗಿದ್ದ ಏಳು ಜನರೂ ಪಾಸು ಹಿಡಿದು ಅಲ್ಲಿಗೆ ಹೋಗಿದ್ದರು. ವಿಜಯಕುಮಾರ್ ಯಾವುದೋ ಮಂತ್ರಿಯ ಹೆಗಲ ಹಿಂದೆ ನಗುತ್ತಿರುವ ಫೋಟೋ ಆಗಲೇ ಮೂರು ಸಲ ಫೋನಿಗೆ ಬಂದಿತ್ತು. ಮರುಳಸಿದ್ದಪ್ಪನವರಿಗೆ ಪಾಸು ಬಂದಿರಲಿಲ್ಲ. ಅವರು ಎಂಟಕ್ಕೇ ಸೊಣ್ಣಮ್ಮನ ತಾರಸಿ ಹತ್ತಿ, ಛತ್ರಿ ಬಿಚ್ಚಿ, ಕೋಲು ಹಿಡಿದು ಕೂತಿದ್ದರು.

"ಪಾರ್ಟಿಯಿಂದ ತೆಗೀತಾರಂತೆ?" ಎಂದಳು ಸೊಣ್ಣಮ್ಮ.

"ತೆಗೀಬಹುದು."

"ತೆಗದ್ರೆ ಮೊರ ಆಚೆ ಇಟ್ಕೋಬಹುದು ನಾನು," ಎಂದರು ಗಿರಿಜಾದೇವಿ, ಸೌಟು ಬಿಡದೆ.

ಒಂದು ಗಂಟೆಯ ಸುಡುಬಿಸಿಲಲ್ಲಿ, ಮೆಟ್ಟಿಲ ಮೇಲೆ ಮಂಡಿ ಹಿಡಿದು ಹತ್ತುವವರ ಉಸಿರು ಕೇಳಿಸಿತು. ಅನಂತರಾಮು. ಹೊಸ ಜುಬ್ಬ, ಹೆಗಲ ಮೇಲೆ ಸಮಾರಂಭದಲ್ಲಿ ಹೊದಿಸಿದ ಜರಿ ಶಾಲು. ಯಾರ ಮುಖವನ್ನೂ ನೋಡದೆ ಗೋಡೆಗುಂಟ ನಡೆದು, ತಾರಸಿಯ ಆಚೆ ಮೂಲೆಯಲ್ಲಿ ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಶಾಲನ್ನು ತಲೆಗೆ ಹೊದ್ದರು.

"ಮೊನ್ನೆ ಹಿಟ್ಟು ತಿಂದಿದ್ದೆನಲ್ಲಮ್ಮ," ಎಂದರು ಸೊಣ್ಣಮ್ಮನಿಗೆ.

ಆಮೇಲೆ ಅನಂತರಾಮು ಜೇಬು ಮುಟ್ಟಿಕೊಂಡು, ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದರು: "ನಿಮ್ಮ ಉಚ್ಚಾಟನೆ ಪತ್ರ ಟೈಪ್ ಆಗಿದೆ. ಶಿಸ್ತು ಸಮಿತಿ ಐದು ಜನ ಸಹಿ ಹಾಕಬೇಕು. ದೊಡ್ಡ ಪಕ್ಷದವರ ಕಡೆಯಿಂದ ಒತ್ತಡ."

"ಹಾಕಿ ಸಾರ್. ನಂಗೇನು ಬೇಜಾರಿಲ್ಲ."

"ಮೊದಲು ಯಾರು ಹಾಕೋದು ಅಂತ ನಿಂತಿದೆ."

"ತಟ್ಟೆ ಕೊಡ್ಲಾ ಸಾಮಿ?" ಎಂದಳು ಸೊಣ್ಣಮ್ಮ.

ಶಾಲಿನೊಳಗೆ ಅನಂತರಾಮುವಿನ ಭುಜ ಎರಡು ಸಲ ಕುಲುಕಿತು. ನಕ್ಕರೋ ಏನೋ, ಮುಖ ಕಾಣಲಿಲ್ಲ. ಮರುಳಸಿದ್ದಪ್ಪ ಎದ್ದು, ತಮ್ಮ ಕೋಲನ್ನು ಎರಡು ತುಂಡು ಮಾಡಿ, ಗೋಡೆಗುಂಟ ಹೋಗಿ ಒಂದು ತುಂಡನ್ನು ಬಕೆಟ್ಟಿನ ಪಕ್ಕದಲ್ಲಿಟ್ಟು ಬಂದು ಕೂತರು.

ಕಾಗೆಯೊಂದು ಬಂದು ಇಬ್ಬರಿಗೂ ನಡುವಿನ ಗೋಡೆಯ ಮೇಲೆ ಇಳಿಯಿತು. ಈ ಮೂಲೆ ನೋಡಿತು, ಆ ಮೂಲೆ ನೋಡಿತು. ಎರಡೂ ಕೋಲು ಮೇಲೆದ್ದವು. ಅದು ರೆಕ್ಕೆ ಕೊಡವಿ, ಅವಸರವಿಲ್ಲದೆ ತಿರುಗಿ, ಕುಂಟೆ ಇದ್ದ ಕಡೆಗೆ ಮುಖ ಮಾಡಿ ಕೂತಿತು.